ಚತುಸ್ತಾಲೂಕು ಭಯಾನಕ ಮೀಮಾಂಸೆ

ಭಯೋತ್ಸವವೆಂದರೆ ತಾಲೂಕು ಕೇಂದ್ರದ ಟಾಕೀಸಿಗೆ ದೆವ್ವದ ಸಿನಿಮಾ ಬಂದಿಳಿದ ಶುಕ್ರವಾರದಿಂದ ಮೊದಲ್ಗೊಂಡು, ಅದರ ಪೋಸ್ಟರಿನ ಮೇಲೆ ಇನ್ನೊಂದು ಪೋಸ್ಟರು ಬೀಳುವ ಗುರುವಾರದ ರಾತ್ರಿಯವರೆಗಿನ ಪರ್ವಕಾಲ. ಸ್ಪೇನ್ ದೇಶದ ಕಡಲತೀರದ ಸಿಟ್ಜೆಸ್ ಪಟ್ಟಣದಲ್ಲಿ 1968ರಿಂದ ಭಯದ ಮತ್ತು ಅದ್ಭುತದ ಚಿತ್ರಗಳಿಗೆಂದೇ ಉತ್ಸವ ನಡೆಯುತ್ತಿದೆ. ಅಲ್ಲಿ ಪಾಸುಗಳಿವೆ, ತೀರ್ಪುಗಾರರಿದ್ದಾರೆ, ಪ್ರಶಸ್ತಿಗಳಿವೆ. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲೂಕುಗಳಲ್ಲಿ ಇವು ಯಾವುವೂ ಇಲ್ಲದೆಯೇ ಉತ್ಸವ ನಡೆದುಕೊಂಡು ಬಂದಿದೆ. ಉದ್ಘಾಟನಾ ಭಾಷಣವಿಲ್ಲದ ಕಾರಣ ಅದು ಹೊತ್ತಿಗೆ ಸರಿಯಾಗಿ ಆರಂಭವಾಗುತ್ತದೆಂಬುದು ಅದರ ಮೊದಲ ಲಕ್ಷಣ.

ಭಯೋತ್ಸವಕ್ಕೆ ಎರಡು ಕಾಂಡಗಳು. ಟಾಕೀಸಿನೊಳಗೆ ನಡೆಯುವುದು ಪೂರ್ವಕಾಂಡ. ಸೆಕೆಂಡ್ ಷೋ ಬಿಟ್ಟಮೇಲೆ ಊರಿನ ದಾರಿಯಲ್ಲಿ ನಡೆಯುವುದು ಉತ್ತರಕಾಂಡ. ಟಿಕೆಟ್ಟಿನ ದುಡ್ಡು ಪೂರ್ವಕಾಂಡಕ್ಕೆ ಮಾತ್ರ ಸಲ್ಲುತ್ತದೆ. ಉತ್ತರಕಾಂಡ ಪುಕ್ಕಟೆ, ಹೆದರಿಕೆಯೆಲ್ಲ ಇರುವುದು ಅದರಲ್ಲೇ. ಸಿನಿಮಾ ವಿಮರ್ಶಕರು ಈ ಸಂಗತಿಯನ್ನು ಇದುವರೆಗೆ ಗಮನಿಸದಿರುವುದಕ್ಕೆ ಕಾರಣ ಸರಳ. ಅವರು ಬೆಂಗಳೂರಿನಲ್ಲಿ ಬೆಳಗಿನ ಆಟ ನೋಡಿ ಮಧ್ಯಾಹ್ನದ ಊಟಕ್ಕೆ ಹೋಗುವವರು.

ಶಾಸ್ತ್ರದ ಆಧಾರವಿಲ್ಲದೆ ಹೆದರುವುದು ನಾಗರಿಕರಿಗೆ ಶೋಭಿಸದ ಕಾರಣ ಮೊದಲು ಭರತಮುನಿಯನ್ನು ನೋಡಬೇಕು. ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಭಯಾನಕ ರಸಕ್ಕೆ ಕಪ್ಪು ಬಣ್ಣವನ್ನೂ ಕಾಲನೆಂಬ ಅಧಿದೇವತೆಯನ್ನೂ ಹೇಳಲಾಗಿದೆ. ಆ ರಸವನ್ನು ಹುಟ್ಟಿಸುವ ವಿಭಾವಗಳ ಪಟ್ಟಿಯಲ್ಲಿ ವಿಕಾರವಾದ ಸದ್ದು, ಪಿಶಾಚಿಯ ದರ್ಶನ, ನರಿ ಮತ್ತು ಗೂಬೆಯ ಕೂಗು, ಪಾಳುಮನೆ, ಕಾಡಿನ ದಾರಿ ಸೇರಿವೆ. ಮುಂಬಯಿಯ ರಾಮ್ಸೆ ಸಹೋದರರು 1972ರ ‘ದೋ ಗಜ್ ಜಮೀನ್ ಕೆ ನೀಚೆ’ಯಿಂದ 1984ರ ‘ಪುರಾನಾ ಮಂದಿರ್’ ದಾಟಿ ಮುಂದಕ್ಕೂ ಬಳಸಿದ ಸಾಮಗ್ರಿಯೆಲ್ಲ ಈ ಪಟ್ಟಿಯಲ್ಲೇ ಇದೆ. ಭರತನಿಗೆ ಗೌರವಧನ ಸಂದ ದಾಖಲೆಯಿಲ್ಲ.

ಭರತನ ಪ್ರಕಾರ ಭಯ ಮೂರು ಬಗೆ: ನಟನೆಯ ಭಯ, ಅಪರಾಧದಿಂದ ಬಂದ ಭಯ, ನಿಜವಾಗಿ ಬೆಚ್ಚಿಬಿದ್ದ ಭಯ. ಎರಡು ಸಾವಿರ ವರ್ಷಗಳ ನಂತರವೂ ಈ ವಿಂಗಡಣೆಗೆ ತಿದ್ದುಪಡಿ ಬೇಕಾಗಿಲ್ಲ. ಬಾಲ್ಕನಿಯಲ್ಲಿ ಹೊಸದಾಗಿ ಮದುವೆಯಾದವರು ಪಡುವುದು ಮೊದಲನೆಯದು. ಅಲ್ಲಿ ಹೆದರಿಕೆಗೆ ಕಾರಣ ಬೇಕಿಲ್ಲ, ಕೈ ಹಿಡಿಯಲು ನೆಪ ಸಾಕು. ಟ್ಯೂಷನ್ನಿಗೆಂದು ಹೇಳಿ ಬಂದ ಹೈಸ್ಕೂಲು ಹುಡುಗ ಪಡುವುದು ಎರಡನೆಯದು. ಅವನು ಪರದೆಯನ್ನು ನೋಡುವುದೇ ಇಲ್ಲ, ಬಾಗಿಲಿನ ಕರ್ಟನ್ನನ್ನು ನೋಡುತ್ತಿರುತ್ತಾನೆ; ಅದು ಸರಿದಾಗಲೆಲ್ಲ ಒಳಗೆ ಬಂದವರು ಸೋದರಮಾವ ಇರಬಹುದೆಂದು ಎದೆ ಹಾರುತ್ತದೆ. ದೆವ್ವ ಬಂದರೆ ಅವನಿಗೆ ಒಂದು ಬಗೆಯ ಸಮಾಧಾನವೇ, ಏಕೆಂದರೆ ದೆವ್ವ ಮನೆಯಲ್ಲಿ ಹೋಗಿ ಹೇಳುವುದಿಲ್ಲ. ಮೂರನೆಯ ಬಗೆಯ ಭಯ ಟಾಕೀಸಿನೊಳಗೆ ಬಹಳ ಅಪರೂಪ. ಅದರ ನೆಲೆ ಮುಂದೆ ಬರುತ್ತದೆ.

ಭಯ ಸ್ವಭಾವತಃ ಹೆಂಗಸರಿಗೂ ಅಲ್ಪರಿಗೂ ಸೇರಿದ್ದೆಂಬ ಭರತನ ಇನ್ನೊಂದು ಮಾತಿಗೆ ಮಾತ್ರ ಈ ಸೀಮೆಯಲ್ಲಿ ಪುರಾವೆ ಸಿಗುವುದಿಲ್ಲ. ಮೀಸೆ ಹೊತ್ತವರು ಪಕ್ಕದವರ ತೋಳು ಹಿಡಿದ ಗಳಿಗೆಯಲ್ಲೇ ಹೆಂಗಸರ ಸಾಲಿನಲ್ಲಿ ಕಡಲೆಕಾಯಿ ಸುಲಿಯುವ ಸದ್ದು ಒಂದೇ ಲಯದಲ್ಲಿ ಸಾಗಿರುತ್ತದೆ. ಮನೆಗೆ ಪಾಯಿಖಾನೆ ಬರುವುದಕ್ಕೆ ಮೊದಲಿನ ಕಾಲದಲ್ಲಿ ಬೆಳಗಿನ ಜಾವದ ಕತ್ತಲಲ್ಲಿ ಚೊಂಬು ಹಿಡಿದು ಬಯಲಿಗೆ ಹೋಗಿಬಂದವರನ್ನು ಪರದೆಯ ಮೇಲಿನ ಕತ್ತಲು ಏನು ಮಾಡೀತು? ಹಾವು, ಚೇಳು, ಗಂಡಸರು ಎಂಬ ಮೂರನ್ನೂ ದಾಟಿ ಬಂದವರಿಗೆ ಬಿಳಿ ಸೀರೆಯುಟ್ಟು ಹಾಡುತ್ತ ಹೋಗುವ ಇನ್ನೊಬ್ಬ ಹೆಂಗಸನ್ನು ಕಂಡರೆ ಮೂಡುವ ಭಾವ ಕನಿಕರದ್ದು. ‘ಅಯ್ಯೋ ಪಾಪ, ತಲೆ ಬಾಚೋರ್ ಯಾರೂ ಇಲ್ವೇನೋ’ ಎಂಬಂಥ ಉದ್ಗಾರ ಬರುವುದು ಈ ಸಾಲಿನಿಂದಲೇ.

ರಸ ನಿಷ್ಪತ್ತಿಗೆ ಸಾತ್ತ್ವಿಕ ಭಾವಗಳು ಸಾಕ್ಷಿ. ಅವು ಎಂಟು, ಮತ್ತು ಎಂಟೂ ತಾಲೂಕು ಟಾಕೀಸಿನಲ್ಲಿ ಸಿನಿಮಾದ ನೆರವಿಲ್ಲದೆ ಹುಟ್ಟುತ್ತವೆ. ಸಾಲಿನ ನಡುವೆ ಸಿಕ್ಕಿಕೊಂಡವನು ಎದ್ದು ಹೊರಗೆ ಹೋಗಲಾಗದೆ ಕೂರುವುದು ಸ್ತಂಭ. ಗೋಡೆಯ ಫ್ಯಾನು ಬಾಲ್ಕನಿಯ ಕಡೆಗಷ್ಟೇ ತಿರುಗುವುದರಿಂದ ಸ್ವೇದ. ಕುರ್ಚಿಯ ಸಂದಿಯ ತಿಗಣೆಯಿಂದ ರೋಮಾಂಚ. ಶಿಳ್ಳೆ ಹೊಡೆದು ಹೊಡೆದು ಸ್ವರಭಂಗ. ಬೆಂಚಿನ ಆ ತುದಿಯವನು ಕಾಲು ಕುಣಿಸಿದ್ದರಿಂದ ಈ ತುದಿಯವನಿಗೆ ಬಂದದ್ದು ವೇಪಥು. ಪರದೆಯ ನೀಲಿ ಬೆಳಕಿನಿಂದ ಎಲ್ಲರ ಮುಖಕ್ಕೂ ವೈವರ್ಣ್ಯ. ಮೆಣಸಿನಕಾಯಿ ಬೋಂಡದಿಂದ ಅಶ್ರು. ಬೆಳಗಿನಿಂದ ಹೊಲದಲ್ಲಿ ಕಡಲೆಕಾಯಿ ಗಿಡ ಕಿತ್ತು ಬಂದ ರೈತ ಟೈಟಲ್ ಮುಗಿಯುವ ಮೊದಲೇ ತೂಕಡಿಸಿ ಪಕ್ಕದವನ ಹೆಗಲಿಗೆ ಒರಗುವುದು ಪ್ರಲಯ. ಬೀಭತ್ಸದಿಂದ ಭಯಾನಕ ಹುಟ್ಟುತ್ತದೆ ಎಂಬ ಭರತವಾಕ್ಯ ಮೊದಲ ಓದಿಗೆ ಒಗಟಿನಂತೆ ಕಾಣುತ್ತದೆ. ಇಂಟರ್ವಲ್ಲಿನಲ್ಲಿ ಮೂತ್ರದ ಕೊಟ್ಟಿಗೆಗೆ ಹೋಗಿಬಂದವರಿಗೆ ವ್ಯಾಖ್ಯಾನದ ಅಗತ್ಯ ಬೀಳುವುದಿಲ್ಲ.

ಟಾಕೀಸಿನ ಆವರಣವೂ ಈ ಶಾಸ್ತ್ರದ ಅಂಗವೇ. ಮುಂದೆ ನೆಲ ಅಥವಾ ಬೆಂಚಿನ ಗಾಂಧಿ ಕ್ಲಾಸು, ಅದರ ಹಿಂದೆ ಕುರ್ಚಿ, ಮೇಲೆ ಬಾಲ್ಕನಿ. ದೆವ್ವಕ್ಕೆ ಹತ್ತಿರ ಕೂತವರು ಕಡಿಮೆ ದುಡ್ಡು ಕೊಡುತ್ತಾರೆ, ದೂರ ಕೂತವರು ಹೆಚ್ಚು ಕೊಡುತ್ತಾರೆ. ಸಂಗೀತ ಕಛೇರಿಯಲ್ಲಿ ಇದು ತಿರುವುಮುರುವು. ಇದರಿಂದ ದೆವ್ವದಿಂದ ದೂರವಿರುವುದಕ್ಕೆ ಸಮಾಜ ಬೆಲೆ ಕಟ್ಟಿದೆಯೆಂದು ಅರ್ಥಶಾಸ್ತ್ರಜ್ಞರು ತೀರ್ಮಾನಿಸಬಹುದು. ಅಸಲು ಕಾರಣ ಕುತ್ತಿಗೆ ನೋವು. ಟೂರಿಂಗ್ ಟಾಕೀಸಿನ ಕಾಲದಲ್ಲಿ ಇವುಗಳ ಜೊತೆಗೆ ಇನ್ನೊಂದು ಅನುಕೂಲವಿತ್ತು: ಡೇರೆಯ ಹೊರಗೆ ನಿಂತು ಕಿವಿಯಿಂದ ಮಾತ್ರ ಸಿನಿಮಾ ನೋಡುವವರ ವರ್ಗ. ಘಂಟಸಾಲರ ಕಂಠದಲ್ಲಿ ತಿಮ್ಮಪ್ಪನ ಹಾಡು ಮೈಕಿನಲ್ಲಿ ಮುಗಿಯುತ್ತಿದ್ದ ಹಾಗೆ ಆಟ ಶುರುವೆಂದು ಸುತ್ತಲ ಹಳ್ಳಿಗಳಿಗೆ ತಿಳಿಯುತ್ತಿತ್ತು. ದೇವರ ಹಾಡಿನ ಬೆನ್ನಿಗೇ ದೆವ್ವದ ಕೂಗು ಕೇಳಿಬಂದರೆ ಡೇರೆಯ ಹೊರಗಿನವರು ಒಳಗಿನವರಿಗಿಂತ ಜಾಸ್ತಿ ನಡುಗುತ್ತಿದ್ದರು. ಅವರ ಬೆನ್ನಿಗೆ ಬಯಲು ಬಿಟ್ಟರೆ ಬೇರೇನೂ ಇರಲಿಲ್ಲ.

ಫಿಲ್ಮು ಸುರುಳಿಗಳ ಕಾಲದಲ್ಲಿ ಒಂದೇ ಪ್ರಿಂಟನ್ನು ಎರಡು ಟಾಕೀಸುಗಳು ಹಂಚಿಕೊಳ್ಳುವ ವಾಡಿಕೆಯಿತ್ತು. ಒಂದು ಕಡೆ ಓಡಿ ಮುಗಿದ ರೀಲಿನ ಡಬ್ಬ ಇನ್ನೊಂದು ಕಡೆಗೆ ಹೊರಡುತ್ತಿತ್ತು. ಡಬ್ಬಗಳು ಅದಲುಬದಲಾದರೆ ನಾಯಕಿ ಸಾಯುವ ಮೊದಲೇ ದೆವ್ವವಾಗಿ, ಇಂಟರ್ವಲ್ ಆದಮೇಲೆ ಮದುವೆ ಮಾಡಿಕೊಂಡು ಸುಖವಾಗಿರುವುದೂ ಸಾಧ್ಯ. ಪ್ರೇಕ್ಷಕರು ಇದನ್ನು ಆಕ್ಷೇಪಿಸುವುದಿಲ್ಲ. ಪೂರ್ವಜನ್ಮದ ಕತೆ ಎಂದು ತಿಳಿಯುತ್ತಾರೆ. ಕರೆಂಟು ಹೋದರೆ ಮಾತ್ರ ಗದ್ದಲ. ಪರದೆಯ ಮೇಲೆ ಕತ್ತಲಿದ್ದಾಗ ಸುಮ್ಮನಿದ್ದವರು ಟಾಕೀಸಿಗೇ ಕತ್ತಲಾದೊಡನೆ ಎದ್ದು ನಿಂತು ‘ಲೈಟ್ ಹಾಕ್ರೋ’ ಎಂದು ಕೂಗುವುದನ್ನು ಸಂಶೋಧಕರು ಗುರುತಿಸಬೇಕು. ದುಡ್ಡು ಕೊಟ್ಟ ಕತ್ತಲು ಬೇರೆ, ದುಡ್ಡು ಕೊಡದ ಕತ್ತಲು ಬೇರೆ.

ಶಬ್ದದ ವಿಷಯದಲ್ಲಿ ವಿಜ್ಞಾನವೂ ನೆರವಿಗೆ ಬಂದಿದೆ. ಇಂಗ್ಲೆಂಡಿನ ಕಾವೆಂಟ್ರಿಯ ವಿಕ್ ಟ್ಯಾಂಡಿ ಎಂಬ ಎಂಜಿನಿಯರು ತಮ್ಮ ಪ್ರಯೋಗಾಲಯದಲ್ಲಿ ಕಣ್ಣಂಚಿಗೆ ಬೂದು ಆಕೃತಿಯೊಂದು ಕಂಡ ಕಾರಣವನ್ನು ಹುಡುಕುತ್ತ ಹೋಗಿ, ಹೊಸದಾಗಿ ಕೂರಿಸಿದ್ದ ಒಂದು ಫ್ಯಾನಿನ ಹತ್ತಿರ ಮುಟ್ಟಿದರು. ಸೆಕೆಂಡಿಗೆ ಸುಮಾರು 19 ಬಾರಿಯ, ಕಿವಿಗೆ ಕೇಳದ ಕಂಪನವನ್ನು ಅದು ಹೊರಡಿಸುತ್ತಿತ್ತು. ಫ್ಯಾನು ನಿಂತಿತು, ಭೂತವೂ ಹೋಯಿತು. 1998ರಲ್ಲಿ ಈ ಕುರಿತು ಪ್ರಬಂಧ ಪ್ರಕಟವಾಯಿತು. ಈ ಸಿದ್ಧಾಂತವನ್ನು ನಾಲ್ಕು ತಾಲೂಕುಗಳಿಗೆ ಅನ್ವಯಿಸಲು ಹೊರಟರೆ ತೊಡಕು ಎದುರಾಗುತ್ತದೆ. ಇಲ್ಲಿನ ಟಾಕೀಸಿನ ಫ್ಯಾನುಗಳು ಹೊರಡಿಸುವ ಸದ್ದು ಕಿವಿಗೆ ಚೆನ್ನಾಗಿ ಕೇಳುವಂಥದ್ದು, ಎಷ್ಟೋ ಸಲ ಸಂಭಾಷಣೆಯನ್ನು ಮೀರಿದ್ದು. ಅಂಥ ಫ್ಯಾನಿನಿಂದ ದೆವ್ವ ಹುಟ್ಟುವುದಿರಲಿ, ಪರದೆಯ ಮೇಲಿನ ದೆವ್ವದ ಮಾತೇ ಕೇಳಿಸುವುದಿಲ್ಲ.

ಇನ್ನು ಗ್ರಂಥಸಂಪತ್ತು, ಅಂದರೆ ಸಿನಿಮಾಗಳು. ಕನ್ನಡದ ಮಟ್ಟಿಗೆ ಮೂಲಗ್ರಂಥದ ಪಟ್ಟ 1979ರ ‘ನಾ ನಿನ್ನ ಬಿಡಲಾರೆ’ಗೆ ಸಲ್ಲಬೇಕು. ಅನಂತ್ ನಾಗ್, ಲಕ್ಷ್ಮಿ ನಟಿಸಿದ, ವಿಜಯ್ ನಿರ್ದೇಶನದ ಈ ಚಿತ್ರದ ಹೆಸರನ್ನು ಕತ್ತಲಲ್ಲಿ ಬೆನ್ನ ಹಿಂದಿನಿಂದ ಉಚ್ಚರಿಸಿ ಹೆದರಿಸದ ಅಣ್ಣಂದಿರು ಆ ತಲೆಮಾರಿನಲ್ಲಿ ವಿರಳ. ಬಿಡಿಸುವ ಕೆಲಸಕ್ಕೆ ರಾಘವೇಂದ್ರ ಸ್ವಾಮಿಗಳೇ ಬರಬೇಕಾಯಿತೆಂಬುದರಿಂದ ದೆವ್ವದ ಯೋಗ್ಯತೆ ತಿಳಿಯುತ್ತದೆ. ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿಯನ್ನು ಆಧರಿಸಿ ವೇಮಗಲ್ ಜಗನ್ನಾಥರಾವ್ 1985ರಲ್ಲಿ ಮಾಡಿದ ‘ತುಳಸಿದಳ’ದಿಂದ ನಿಂಬೆಹಣ್ಣು, ಗೊಂಬೆ, ಕುಂಕುಮ ಇವುಗಳ ಮೇಲೆ ಜನಕ್ಕೆ ಸಂಶಯ ಬಂತು. 1993ರಲ್ಲಿ ಉಪೇಂದ್ರ ನಿರ್ದೇಶಿಸಿದ ‘ಶ್’ ಚಿತ್ರ ದೆವ್ವವೋ ಮನುಷ್ಯನೋ ಎಂಬ ಅನುಮಾನವನ್ನು ಎಬ್ಬಿಸಿತು. 2013ರ ‘6-5=2’ ಚಾರಣಕ್ಕೆ ಹೋದ ಗೆಳೆಯರ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯಗಳೆಂಬ ವೇಷ ತೊಟ್ಟು ಬಂತು. ಭಾನುವಾರ ಬೆಂಗಳೂರಿನಿಂದ ಬಂದು ತಮ್ಮೂರ ಬೆಟ್ಟವನ್ನು ಏದುಸಿರು ಬಿಡುತ್ತ ಹತ್ತುವವರನ್ನು ನೋಡಿ ಪಳಗಿದ ಮಧುಗಿರಿಯವರಿಗೆ ಅದರಲ್ಲಿ ನಂಬಲಾಗದ್ದೇನೂ ಕಾಣಲಿಲ್ಲ. ಅಷ್ಟು ನಡುಗುವ ಕೈಗೆ ಕ್ಯಾಮೆರಾ ಕೊಟ್ಟವರು ಯಾರೆಂಬುದೊಂದೇ ಪ್ರಶ್ನೆ.

ದೆವ್ವದ ಭಾಷಾನೀತಿಯನ್ನು ಇಲ್ಲಿ ತುಸು ವಿಸ್ತಾರವಾಗಿ ನೋಡುವುದು ಅಗತ್ಯ. 1993ರ ಮಲಯಾಳಂ ಚಿತ್ರ ‘ಮಣಿಚಿತ್ರತಾಳ್’ನ ನಾಗವಲ್ಲಿ ತಂಜಾವೂರಿನ ನರ್ತಕಿ, ಕೇರಳದ ಮನೆಯಲ್ಲಿ ಅವಳು ತಮಿಳು ಮಾತಾಡುತ್ತಾಳೆ. ಪಿ. ವಾಸು ಅದನ್ನು 2004ರಲ್ಲಿ ‘ಆಪ್ತಮಿತ್ರ’ವಾಗಿ ಕನ್ನಡಕ್ಕೆ ತಂದಾಗ ನಾಗವಲ್ಲಿ ತೆಲುಗು ಮಾತಾಡಿದಳು. ಮರುವರ್ಷ ತಮಿಳಿನ ‘ಚಂದ್ರಮುಖಿ’ಯಲ್ಲೂ ತೆಲುಗು. 2007ರ ಹಿಂದಿಯ ‘ಭೂಲ್ ಭುಲೈಯಾ’ದಲ್ಲಿ ಬಂಗಾಳಿ. ಈ ಸಾಲಿನಿಂದ ಒಂದು ನಿಯಮವನ್ನು ಹೊರಡಿಸಬಹುದು: ದೆವ್ವ ಯಾವಾಗಲೂ ಆಚೆ ಸೀಮೆಯ ಭಾಷೆಯಲ್ಲೇ ಮಾತಾಡುತ್ತದೆ. ಮನೆಮಾತಿನಲ್ಲಿ ಗದರಿದರೆ ಅದು ಅತ್ತೆಯೋ ಹೆಡ್‌ಮಾಸ್ತರೋ ಆಗುತ್ತದೆಯೇ ಹೊರತು ದೆವ್ವವಾಗುವುದಿಲ್ಲ.

ತುಮಕೂರು, ಹಾಸನ, ಶಿವಮೊಗ್ಗಗಳಲ್ಲಿ ನಿಂತ ಈ ನಿಯಮ ಪಾವಗಡದಲ್ಲಿ ಬಿದ್ದುಹೋಗುತ್ತದೆ. ಪಾವಗಡ ತಾಲೂಕನ್ನು ಹೆಚ್ಚುಕಡಿಮೆ ಸುತ್ತಲೂ ಆಂಧ್ರಪ್ರದೇಶ ಆವರಿಸಿದೆ. ಶಾಲೆ, ಕಚೇರಿ, ಪಹಣಿ ಕನ್ನಡದಲ್ಲಿ; ಸಂತೆ, ಜಗಳ, ನೆಂಟಸ್ತನ ಬಹುಪಾಲು ತೆಲುಗಿನಲ್ಲಿ. ‘ಆಪ್ತಮಿತ್ರ’ದಲ್ಲಿ ನಟಿ ಸೌಂದರ್ಯ ಕಣ್ಣರಳಿಸಿ, ಬೇರೆಲ್ಲ ಊರುಗಳ ಬೆನ್ನುಹುರಿ ತಣ್ಣಗಾಗುವ ಹಾಗೆ ತೆಲುಗಿನಲ್ಲಿ ಅಬ್ಬರಿಸಿದಾಗ ಪಾವಗಡದವರಿಗೆ ಅದರ ಒಂದೊಂದು ಮಾತೂ ತಿಳಿದುಬಿಡುತ್ತದೆ. ತಿಳಿದದ್ದಕ್ಕೆ ಹೆದರುವುದು ಕಷ್ಟ. ನಾಗವಲ್ಲಿ ಇಲ್ಲಿ ದೆವ್ವವಲ್ಲ; ಹಿಂದೂಪುರದ ಕಡೆಯಿಂದ ಬಂದ, ಆಸ್ತಿಯ ವಿಚಾರದಲ್ಲಿ ಅನ್ಯಾಯವಾದ ಒಬ್ಬ ಹೆಣ್ಣುಮಗಳು. ಪಂಚಾಯ್ತಿ ಸೇರಿಸಿದ್ದರೆ ಮುಗಿದುಹೋಗುತ್ತಿತ್ತು. ಅದೇ ಕಾರಣಕ್ಕೆ 2009ರ ತೆಲುಗಿನ ‘ಅರುಂಧತಿ’ಯನ್ನು ಪಾವಗಡದವರು ಪರಭಾಷಾ ಚಿತ್ರವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವರಿಗೆ ಪೂರ್ಣಪ್ರಮಾಣದ ದಿಗಿಲು ಹುಟ್ಟಿಸಬೇಕೆಂದರೆ ದೆವ್ವ ಇಂಗ್ಲಿಷಿನಲ್ಲಿ, ಅದೂ ಬ್ಯಾಂಕಿನ ನೋಟೀಸಿನ ಇಂಗ್ಲಿಷಿನಲ್ಲಿ ಮಾತಾಡಬೇಕಾದೀತು.

ಕರ್ನಾಟಕದಲ್ಲಿ ಪರಭಾಷಾ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡುವುದಕ್ಕೆ 1960ರ ದಶಕದಿಂದ ಅಘೋಷಿತ ತಡೆಯಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದಕ್ಕೆ ವಿರುದ್ಧವಾಗಿ ಆದೇಶ ನೀಡಿತು. ಈ ನಡುವಿನ ಅರ್ಧ ಶತಮಾನದಲ್ಲಿ ದೆವ್ವಗಳು ಗಡಿ ದಾಟಬೇಕಾದರೆ ರೀಮೇಕ್ ಎಂಬ ಪುನರ್ಜನ್ಮವೇ ಗತಿಯಾಗಿತ್ತು. ತಮಿಳಿನ ‘ಕಾಂಚನಾ’ 2012ರಲ್ಲಿ ‘ಕಲ್ಪನಾ’ ಆದದ್ದು ಹೀಗೆ. ಮನುಷ್ಯನಿಗೆ ಒಂದೇ ಸಾವು, ದೆವ್ವಕ್ಕೆ ನಾಲ್ಕು ಭಾಷೆಗಳಲ್ಲಿ.

ಪ್ರೇಕ್ಷಕನ ವರ್ತನೆಗೆ ಬಂದರೆ, ನಾಲ್ಕು ತಾಲೂಕುಗಳಲ್ಲೂ ಯಾರೂ ದೆವ್ವದ ಸಿನಿಮಾವನ್ನು ಒಬ್ಬೊಬ್ಬರೇ ನೋಡುವುದಿಲ್ಲ. 2008ರಲ್ಲಿ ರಾಮ್‌ಗೋಪಾಲ್ ವರ್ಮಾ ತಮ್ಮ ‘ಫೂಂಕ್’ ಚಿತ್ರವನ್ನು ಥಿಯೇಟರಿನಲ್ಲಿ ಒಬ್ಬಂಟಿಯಾಗಿ ಕೂತು ಕೊನೆತನಕ ನೋಡಿದವರಿಗೆ 5 ಲಕ್ಷ ರೂಪಾಯಿ ಕೊಡುವುದಾಗಿ ಸಾರಿದ್ದರು. ಅದರ ನಾಯಕ ನಮ್ಮ ಸುದೀಪ್. ಪಂದ್ಯದ ಷರತ್ತನ್ನು ಈ ಸೀಮೆಯ ದೃಷ್ಟಿಯಿಂದ ನೋಡಿದರೆ ಅದು ಧೈರ್ಯದ ಪರೀಕ್ಷೆಯಲ್ಲ, ಮೌನದ ಪರೀಕ್ಷೆ. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ‘ನೋಡ್ತಾ ಇರು, ಈಗ ಬತ್ತದೆ’ ಎಂದು ಯಾರಿಗೆ ಹೇಳುವುದು? ಎರಡನೆಯ ಸಲ ನೋಡಲು ಬಂದವನು ಮೊದಲ ಸಲ ನೋಡುತ್ತಿರುವವನಿಗೆ ಪ್ರತಿ ಬೆಚ್ಚುವಿಕೆಯನ್ನೂ ಐದು ಸೆಕೆಂಡು ಮುಂಚಿತವಾಗಿ ತಿಳಿಸುವುದು ಇಲ್ಲಿ ಶಿಷ್ಟಾಚಾರ. ನಾಯಕಿಗೂ ಸಲಹೆ ಸಲ್ಲುತ್ತದೆ. ಅವಳು ದೀಪ ಹಿಡಿದು ಮೆಟ್ಟಿಲು ಹತ್ತುವಾಗ ಗಾಂಧಿ ಕ್ಲಾಸಿನಿಂದ ‘ಒಳೀಕೋಗ್‌ಬ್ಯಾಡ ಕಣವ್ವಾ, ಅಲ್ಲೇ ಐತೆ!’ ಎಂಬ ಕೂಗು ಏಳುತ್ತದೆ. ಅವಳು ಕೇಳುವುದಿಲ್ಲ. ಹೋಗಿ ಅನುಭವಿಸಿದ ಮೇಲೆ ‘ಹೇಳಿದ್ ಮಾತ್ ಕೇಳಿದ್ರೆ ಆಗ್ತಿರ್ಲಿಲ್ಲ’ ಎಂದು ತೀರ್ಪು. ಇಷ್ಟು ಜನ ಹಿತೈಷಿಗಳ ನಡುವೆ ಭಯ ತಳವೂರುವುದಕ್ಕೆ ಜಾಗವೇ ಇಲ್ಲ. ಪೂರ್ವಕಾಂಡ ಹೀಗೆ ನಗೆಯಲ್ಲೇ ಮುಗಿಯುತ್ತದೆ.

ಉತ್ತರಕಾಂಡದ ಆರಂಭ ಸೆಕೆಂಡ್ ಷೋ ಬಿಡುವ ಹೊತ್ತು, ಮಧ್ಯರಾತ್ರಿ ಕಳೆದ ಮೇಲೆ. ಕೊನೆಯ ಬಸ್ಸು ಹೋಗಿ ಬಹಳ ಹೊತ್ತಾಗಿರುತ್ತದೆ. ಒಂದೇ ದಿಕ್ಕಿನ ಹಳ್ಳಿಗಳವರು ಗುಂಪು ಕಟ್ಟಿಕೊಂಡು ಹೊರಡುತ್ತಾರೆ. ಪಟ್ಟಣದ ಕೊನೆಯ ಲೈಟು ಕಂಬದ ತನಕ ಸಿನಿಮಾದ ಲೇವಡಿ ನಡೆದಿರುತ್ತದೆ. ಕಂಬ ದಾಟಿದೊಡನೆ ವಿಷಯ ಬದಲಾಗಿ ಮಳೆ, ಬೆಳೆ, ಕಡಲೆಕಾಯಿ ರೇಟಿಗೆ ತಿರುಗುತ್ತದೆ. ಯಾರೂ ಹಾಗೆ ತೀರ್ಮಾನಿಸಿರುವುದಿಲ್ಲ, ತಾನಾಗಿ ಆಗುತ್ತದೆ. ದನಿ ಮಾತ್ರ ಅಗತ್ಯಕ್ಕಿಂತ ಜೋರು. ನಡೆಯುವ ಕ್ರಮದಲ್ಲಿ ಮುಂದಿನವನಿಗೆ ಎದುರಿನಿಂದ ಬರುವುದರ ಭಯ, ಹಿಂದಿನವನಿಗೆ ಬೆನ್ನಟ್ಟಿ ಬರುವುದರ ಭಯ. ಆದ್ದರಿಂದ ಎಲ್ಲರೂ ನಡುವೆ ಬರಲು ಯತ್ನಿಸಿ ಗುಂಪು ಸಾಲಾಗುವ ಬದಲು ಉಂಡೆಯಾಗುತ್ತದೆ. ಬೀಡಿ ಸೇದದವನೂ ಬೀಡಿ ಕೇಳುತ್ತಾನೆ, ಬೆಂಕಿಯ ಹತ್ತಿರ ದೆವ್ವ ಸುಳಿಯುವುದಿಲ್ಲವೆಂಬ ಪ್ರತೀತಿಯಿಂದ. ಹೆಸರು ಹಿಡಿದು ಕರೆದರೆ ಮೂರನೆಯ ಕರೆಯ ತನಕ ಓಗೊಡಬಾರದು. ‘ಯಾಕ್ಲಾ, ಆವಾಗ್ನಿಂದ ಕೂಗ್ತಾ ಇವ್ನಿ’ ಎಂದು ಬೈಗುಳ ಬಂದರೆ ಮನುಷ್ಯನೇ ಎಂದು ಖಾತ್ರಿ.

ಈ ಗುಂಪಿನ ಗಣಿತ ಕ್ರೂರವಾದುದು. ಪ್ರತಿ ಕವಲಿನಲ್ಲೂ ಒಂದಿಬ್ಬರು ಕಳಚಿಕೊಳ್ಳುತ್ತಾರೆ. ಹತ್ತು ಜನರ ಧೈರ್ಯವನ್ನು ಹತ್ತರಿಂದ ಭಾಗಿಸಿದರೆ ಒಬ್ಬನ ಪಾಲು ಬರಬೇಕು. ಅನುಭವದಲ್ಲಿ ಬರುವುದು ಸೊನ್ನೆ. ಹಾಗಾದರೆ ಹತ್ತು ಜನ ಸೇರಿದಾಗ ಧೈರ್ಯ ಎಲ್ಲಿಂದ ಬಂತೆಂಬುದು ಗಣಿತಜ್ಞರಿಗೆ ಬಿಟ್ಟ ವಿಷಯ. ಊರಿನಿಂದ ಆಚೆ ತೋಟದ ಮನೆಯಲ್ಲಿರುವವನು ಈ ಲೆಕ್ಕದ ಕೊನೆಯ ಶೇಷ. ಕೊನೆಯ ಕವಲಿನಲ್ಲಿ ಅವನಿಗೂ ಜೊತೆಗಾರನಿಗೂ ನಡೆಯುವ ಬೀಳ್ಕೊಡುಗೆ ಸಾಕಷ್ಟು ದೀರ್ಘ. ‘ಬತ್ತೀಯೇನಣ್ಣ ಮನೆ ತಂಕ, ಒಂದ್ಲೋಟ ಮಜ್ಜಿಗೆ ಕುಡ್ದು ಹೋಗೀವಂತೆ?’ ಎಂದು ಅವನು, ರಾತ್ರಿ ಒಂದು ಗಂಟೆಯಲ್ಲಿ. ‘ಬ್ಯಾಡ ಕಣಪ್ಪ, ನೀನೇ ಇಲ್ಲಿ ಮನೀಕ, ಬೆಳಿಗ್ಗೆ ಹೋಗು’ ಎಂದು ಇವನು. ಆತಿಥ್ಯದ ಇತಿಹಾಸದಲ್ಲಿ ಇಷ್ಟು ಮನಃಪೂರ್ವಕವಾದ ಆಹ್ವಾನಗಳು ಬೇರೆಲ್ಲೂ ಸಿಗಲಾರವು. ಭರತನು ಹೇಳಿದ ಮೂರನೆಯ ಬಗೆಯ ಭಯ ನೆಲೆಸಿರುವುದು ಈ ಕವಲಿನಿಂದ ಮುಂದಿನ ದಾರಿಯಲ್ಲಿ. ಪರದೆಯ ಮೇಲೆ ನೋಡಿ ನಕ್ಕದ್ದೆಲ್ಲ ಅಲ್ಲಿ ಒಂದೊಂದಾಗಿ ಬಾಕಿ ವಸೂಲಿಗೆ ಬರುತ್ತದೆ. ಅರ್ಧ ದಾರಿಯಲ್ಲಿ ಅವನು ಚಪ್ಪಲಿ ಕೈಗೆ ತೆಗೆದುಕೊಳ್ಳುವುದು ಓಡಲು ಅಲ್ಲ. ಹಿಂದೆ ಕೇಳುವ ಪಟಪಟ ಸದ್ದು ತನ್ನದೇ ಹೌದೋ ಅಲ್ಲವೋ ಎಂದು ಪರೀಕ್ಷಿಸಲು. ಓಡುವುದು ಆಮೇಲೆ.

ದಾರಿಗಳ ಗುಣ ತಾಲೂಕಿನಿಂದ ತಾಲೂಕಿಗೆ ಬೇರೆ. ಶಿರಾ ಸೀಮೆಯಲ್ಲಿ ಹುಣಸೆಮರ ಮುಖ್ಯ. ದೆವ್ವಗಳ ವಸತಿಗೆ ಹುಣಸೆಮರವೇ ಪ್ರಶಸ್ತವೆಂದು ಹಳ್ಳಿಗಳು ಒಮ್ಮತದಿಂದ ಹೇಳುತ್ತವೆ. ಶಿರಾಕ್ಕೆ ಹತ್ತಿರದ ಕಗ್ಗಲಡುವಿನಲ್ಲಿ ಊರೊಳಗಿನ ಹುಣಸೆಮರಗಳ ಮೇಲೆ ರಾತ್ರಿ ಬೆಳ್ಳಗೆ, ಎತ್ತರವಾಗಿ, ಒಂಟಿ ಕಾಲಲ್ಲಿ ನಿಂತ ಆಕೃತಿಗಳು ಕಾಣುತ್ತವೆ, ಕಟಕಟ ಸದ್ದೂ ಕೇಳುತ್ತದೆ. ಅವು ಗೂಡು ಕಟ್ಟಲು ಬಂದ ಬಣ್ಣದ ಕೊಕ್ಕರೆಗಳು. ಅವಕ್ಕೆ ಕೂಗುವ ದನಿ ಇಲ್ಲದ್ದರಿಂದ ಕೊಕ್ಕು ಬಡಿಯುತ್ತವೆ. ಆ ಊರಿನವರು ಅವನ್ನು ಮನೆಯವರ ಹಾಗೆ ಕಾಪಾಡಿಕೊಂಡು ಬಂದಿದ್ದಾರೆ. ಪರಸ್ಥಳದವನು ಸೆಕೆಂಡ್ ಷೋ ನೋಡಿಕೊಂಡು ಆ ದಾರಿ ಹಿಡಿದರೆ ಪಕ್ಷಿಶಾಸ್ತ್ರ ನೆರವಿಗೆ ಬರುವುದಿಲ್ಲ. ಇನ್ನು ಪಾಳು ಬಿದ್ದ ಕಟ್ಟಡಗಳ ಮಾತು. ಶಿರಾ 1687ರ ಹೊತ್ತಿಗೆ ಮೊಘಲರ ವಶವಾಗಿ ಸುಬಾದ ಕೇಂದ್ರವಾದ ಊರು. ಕೋಟೆಯಿದೆ, ಕಂದಕವಿದೆ, ಹಳೆಯ ಗೋರಿಗಳಿವೆ. ಇಷ್ಟೆಲ್ಲ ಇದ್ದೂ ಸಿನಿಮಾದ ದೆವ್ವಗಳು ಬಂಗಲೆಗಳಲ್ಲೇ ಉಳಿದುಕೊಳ್ಳುವುದು ಅವುಗಳ ಅಂತಸ್ತಿನ ಪ್ರಶ್ನೆ.

ಮಧುಗಿರಿಯಲ್ಲಿ ಬೆಟ್ಟ. ಸುಮಾರು 3,930 ಅಡಿ ಎತ್ತರದ ಏಕಶಿಲೆ ಹಗಲು ಬೆಂಗಳೂರಿನವರದು, ರಾತ್ರಿ ಊರಿನವರದು. ಯಾವ ದಿಕ್ಕಿಗೆ ನಡೆದರೂ ಅದು ಹಿಂದೆಯೇ ನಿಂತು ನೋಡುವುದರಿಂದ ಹಿಂತಿರುಗಿ ನೋಡಬಾರದೆಂಬ ನಿಯಮಕ್ಕೆ ಇಲ್ಲಿ ಹೆಚ್ಚಿನ ತೂಕ. ಊರಿನ ದಂಡಿನ ಮಾರಮ್ಮ ಹೆಸರಿನಲ್ಲೇ ದಂಡನ್ನು ಇಟ್ಟುಕೊಂಡವಳಾದ್ದರಿಂದ ಪಟ್ಟಣದ ಎಲ್ಲೆಯ ತನಕ ಚಿಂತೆಯಿಲ್ಲ. ಆಚೆಗೆ ತಿಮ್ಮಲಾಪುರದ ಕಾಡು ಸಿಗುತ್ತದೆ, ಕಾಡಿನಲ್ಲಿ ಕರಡಿಗಳಿವೆ. ಕರಡಿ ರಾತ್ರಿ ಓಡಾಡುವ ಪ್ರಾಣಿ. ಬಣ್ಣ ಶಾಸ್ತ್ರಸಮ್ಮತವಾದ ಕಪ್ಪು. ನಿಜಕ್ಕೂ ಹೆದರಬೇಕಾದದ್ದು ಈ ದಾರಿಯಲ್ಲಿ ಅದೊಂದೇ. ಆದರೂ ಪೊದೆ ಅಲ್ಲಾಡಿದರೆ ಸೆಕೆಂಡ್ ಷೋ ಪ್ರೇಕ್ಷಕ ಮೊದಲು ಮೋಹಿನಿಯೆಂದು ನಡುಗಿ, ಆಮೇಲೆ ಕರಡಿಯೆಂದು ತಿಳಿದು ‘ಸದ್ಯ’ ಎಂದು ನಿಟ್ಟುಸಿರು ಬಿಡುವನೆಂದು ಊಹಿಸಲು ಅಡ್ಡಿಯಿಲ್ಲ. ನಿಟ್ಟುಸಿರಿಗೆ ಕರಡಿ ಎಷ್ಟು ಸಮಯ ಕೊಡುತ್ತದೆಂಬುದು ಬೇರೆ ಪ್ರಶ್ನೆ.

ಕೊರಟಗೆರೆಯ ಬಗ್ಗೆ ಹೆಚ್ಚು ಬರೆಯುವುದಕ್ಕಿಲ್ಲ. ಒಂದು ಕಡೆ ಗಿಡಮೂಲಿಕೆಗಳಿಗೂ ಸಾಧುಗಳಿಗೂ ಹೆಸರಾದ ಸಿದ್ಧರಬೆಟ್ಟ, ಇನ್ನೊಂದು ಕಡೆ ಗೊರವನಹಳ್ಳಿಯ ಮಹಾಲಕ್ಷ್ಮಿ, ಮತ್ತೊಂದು ಕಡೆ ಕ್ಯಾಮೇನಹಳ್ಳಿಯ ಆಂಜನೇಯ. ಇಷ್ಟು ಕಾವಲಿರುವ ತಾಲೂಕಿನಲ್ಲಿ ದೆವ್ವಗಳು ಹಿಂದುಳಿದ ವರ್ಗವೆಂದೇ ಪರಿಗಣಿತ. ಜಯಮಂಗಲಿ ನದಿಯ ಒಣಗಿದ ಪಾತ್ರ ದಾಟುವಾಗ ಮರಳಿನ ಮೇಲೆ ಹಿಂದುಮುಂದಾದ ಹೆಜ್ಜೆ ಕಂಡರೆ ಅದು ಹಿಂದೆ ಹಿಂದೆ ಸರಿದು ಓಡಿದ ಹಿಂದಿನ ವಾರದ ಪ್ರೇಕ್ಷಕನದಾಗಿರಬಹುದು.

ಪಾವಗಡದಲ್ಲಿ ಸಮಸ್ಯೆ ಆಧುನಿಕವಾದುದು. ತಿರುಮಣಿಯ ಸುತ್ತ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕು ತಲೆಯೆತ್ತಿದೆ, 2018ರಲ್ಲಿ ಉದ್ಘಾಟನೆಯಾಯಿತು. ರೈತರ ಜಮೀನನ್ನು ಕೊಂಡುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಮೊದಲುಮಾಡಿ ಗುತ್ತಿಗೆ ಕೊಡುವ ಏರ್ಪಾಡು ದೇಶದ ಗಮನ ಸೆಳೆಯಿತು. ಆ ಬಯಲಿನ ಮರಗಳಲ್ಲಿ ತಲೆತಲಾಂತರದಿಂದ ವಾಸವಿದ್ದ ದೆವ್ವಗಳಿಗೆ ಏನು ಸಿಕ್ಕಿತೆಂದು ಯಾರೂ ಕೇಳಲಿಲ್ಲ. ಅವು ಮಾಲೀಕರಲ್ಲ, ಗೇಣಿದಾರರಲ್ಲ, ಪಹಣಿಯ ಯಾವ ಕಾಲಮ್ಮಿನಲ್ಲೂ ಹೆಸರಿಲ್ಲ. ದುಡಿಯಲು ಜಮೀನಿಲ್ಲದಿದ್ದ ಕೂಲಿಯವರ ಸ್ಥಿತಿಯೂ ಹೆಚ್ಚುಕಡಿಮೆ ಇದೇ ಆಯಿತೆಂಬುದು ಇಲ್ಲಿ ಪ್ರಾಸಂಗಿಕವಾಗಿ ನೆನಪಾಗುತ್ತದೆ. ಸೂರ್ಯ ಮುಳುಗಿದೊಡನೆ ಫಲಕಗಳ ಕೆಲಸ ಮುಗಿಯುತ್ತದೆ. ದೆವ್ವಗಳ ಪಾಳಿ ಆಮೇಲೆ ಶುರುವಾಗುತ್ತದೆ. ಎರಡು ಇಲಾಖೆಗಳ ನಡುವೆ ಘರ್ಷಣೆಗೆ ಆಸ್ಪದವೇ ಇಲ್ಲ. ಸಿನಿಮಾದಲ್ಲಿ ಅಪಶಕುನವಾದ ನರಿಯ ಊಳು ಪಾವಗಡದ ಹೊಲದ ಕಾವಲಿನವನಿಗೆ ದಿನದ ವರದಿ. ಊಳು ಕೇಳದಿದ್ದ ರಾತ್ರಿಯೇ ಅವನು ಎದ್ದು ಕೂರುವುದು.

ಉತ್ತರಕಾಂಡದಿಂದ ಜ್ವರ ಬಂದವರಿಗೆ ಚಿಕಿತ್ಸೆ ಮೂರು ಹಂತದ್ದು. ಮೊದಲು ಅಜ್ಜಿ ಉಪ್ಪು, ಒಣಮೆಣಸಿನಕಾಯಿ, ಪೊರಕೆಕಡ್ಡಿ ಇಳಿತೆಗೆದು ಒಲೆಗೆ ಹಾಕುವುದು; ಘಾಟು ಬರದಿದ್ದರೆ ದೃಷ್ಟಿ ದೊಡ್ಡದು. ಆಮೇಲೆ ಮಂತ್ರಿಸಿದ ದಾರ. ಮೂರನೆಯದು ಸಾಮೂಹಿಕ ಕ್ರಮ. ತೊಂಬತ್ತರ ದಶಕದಲ್ಲಿ ಬೆಂಗಳೂರಿನಿಂದ ಹಳ್ಳಿಗಳ ತನಕ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆಯುವ ಸಂಪ್ರದಾಯ ಹಬ್ಬಿತ್ತು. ರಾತ್ರಿ ಬಂದು ಕದ ತಟ್ಟುವ ದೆವ್ವ ಅದನ್ನು ಓದಿ ಹಿಂತಿರುಗಿ, ಮಾರನೆಯ ದಿನವೂ ಬಂದು ಅದನ್ನೇ ಓದಿ ಹಿಂತಿರುಗುವುದೆಂಬುದು ತರ್ಕ. ತೆಲುಗು ನಾಡಿನ ಬಾಗಿಲುಗಳಲ್ಲಿ ಇದೇ ಆಜ್ಞೆ ತೆಲುಗು ಲಿಪಿಯಲ್ಲಿತ್ತು; 2018ರ ಹಿಂದಿಯ ‘ಸ್ತ್ರೀ’ ಚಿತ್ರ ಅದನ್ನು ಚಂದೇರಿಗೆ ಸಾಗಿಸಿತು. ಇದರಿಂದ ದೆವ್ವ ಸಾಕ್ಷರ, ವಿಧೇಯ, ಮತ್ತು ತಾಲೂಕು ಕಚೇರಿಗೆ ಅಲೆದು ಅಭ್ಯಾಸವಿದ್ದದ್ದು ಎಂಬ ಮೂರು ಅಂಶಗಳು ಸಿದ್ಧವಾಗುತ್ತವೆ.

ವಿಚಾರವಾದದ ಚಿಕಿತ್ಸೆಯೂ ದೂರವಿರಲಿಲ್ಲ. ಮಧುಗಿರಿಗೆ ನೆರೆಯ ಗೌರಿಬಿದನೂರು ತಾಲೂಕಿನ ಹೊಸೂರಿನವರಾದ ಎಚ್. ನರಸಿಂಹಯ್ಯ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರೀಕ್ಷಿಸಲು ಸಮಿತಿ ರಚಿಸಿದರು. ರಾಜ್ಯದ ಶಾಸನಸಭೆ 2017ರಲ್ಲಿ ವಾಮಾಚಾರ ಮತ್ತು ಅಮಾನವೀಯ ಪದ್ಧತಿಗಳ ವಿರುದ್ಧ ಕಾನೂನನ್ನೂ ಮಾಡಿತು. ಸಮಿತಿಯ ವಾದವನ್ನು ಹಗಲು ಹೊತ್ತಿನಲ್ಲಿ ಒಪ್ಪದವರು ಈ ನಾಲ್ಕು ತಾಲೂಕುಗಳಲ್ಲಿ ಕಡಿಮೆ. ‘ಆಪ್ತಮಿತ್ರ’ದ ಮನೋವೈದ್ಯನೂ ದೆವ್ವವಿಲ್ಲ, ಇರುವುದು ಮನಸ್ಸಿನ ಕಾಯಿಲೆ ಎಂದೇ ಹೇಳುತ್ತಾನೆ, ಪ್ರೇಕ್ಷಕರು ತಲೆದೂಗುತ್ತಾರೆ. ಆ ಚಿತ್ರದ ಮುಂದುವರಿಕೆಯಾಗಿ 2010ರಲ್ಲಿ ‘ಆಪ್ತರಕ್ಷಕ’ ಬಂದಾಗ, ಇಲ್ಲದ ದೆವ್ವ ಇನ್ನೊಂದು ಮನೆಗೆ ಹೇಗೆ ವರ್ಗವಾಯಿತೆಂದು ಯಾರೂ ಕೇಳಲಿಲ್ಲ. ಸರ್ಕಾರಿ ನೌಕರಿಯಲ್ಲಿ ಇಲ್ಲದ ಹುದ್ದೆಗೂ ವರ್ಗಾವಣೆ ಉಂಟು.

ಈಚೆಗೆ ಭಯೋತ್ಸವ ಕ್ಷೀಣದೆಸೆಯಲ್ಲಿದೆ. ಚಿಕ್ಕ ಊರುಗಳ ಟಾಕೀಸುಗಳು ಎಷ್ಟೋ ಕಲ್ಯಾಣಮಂಟಪಗಳಾಗಿವೆ, ಗೋದಾಮುಗಳಾಗಿವೆ. ದೆವ್ವಗಳು ಅಂಗೈಯ ಮೊಬೈಲಿಗೆ ಇಳಿದಿವೆ. ಹೆದರಿಕೆಯಾದರೆ ಬೆರಳಿನಿಂದ ಅವನ್ನು ನಿಲ್ಲಿಸಿ, ಚಹಾ ಕುಡಿದು ಬಂದು ಮುಂದುವರಿಸಬಹುದು. ಭರತನ ಪಟ್ಟಿಯಲ್ಲಿ ಇದಕ್ಕೆ ಹೆಸರಿಲ್ಲ. ಸೆಕೆಂಡ್ ಷೋ ಉಳಿದಿರುವ ಕಡೆ ಉತ್ತರಕಾಂಡ ಬೈಕಿನ ಮೇಲೆ ಸಾಗುತ್ತದೆ. ವೇಗ ಹೆಚ್ಚಿದ್ದರಿಂದ ಭಯದ ಅವಧಿ ಕುಗ್ಗಿದೆ, ತೀವ್ರತೆ ಹೆಚ್ಚಿದೆ, ಅದು ಪೂರ್ತಿಯಾಗಿ ಹಿಂದಿನ ಸೀಟಿಗೆ ವರ್ಗವಾಗಿದೆ. ಓಡಿಸುವವನಿಗೆ ಹೆಡ್‌ಲೈಟಿದೆ; ಹಿಂದೆ ಕೂತವನ ಬೆನ್ನಿಗೆ ಏನೂ ಇಲ್ಲ. ಅವನು ಆಗಾಗ ಕೈ ಹಿಂದೆ ಚಾಚಿ ಜಾಗ ಖಾಲಿಯಿದೆಯೇ ಎಂದು ಖಚಿತಪಡಿಸಿಕೊಳ್ಳುತ್ತಾನೆ. ಮೂವರು ಕೂತರೆ ನಡುವಿನವನು ಕ್ಷೇಮ, ಆದರೆ ಮೋಟಾರು ವಾಹನ ಕಾಯಿದೆ, 1988ರ 128ನೆಯ ಕಲಮು ಸವಾರನ ಹಿಂದೆ ಒಬ್ಬರಿಗಷ್ಟೇ ಅವಕಾಶ ಕೊಡುತ್ತದೆ. ದಾರಿಯಲ್ಲಿ ದೆವ್ವ ಹತ್ತಿ ಕೂತರೆ ಅದನ್ನು ತಲೆಯೆಣಿಕೆಗೆ ಸೇರಿಸಬೇಕೋ ಬೇಡವೋ ಎಂಬ ಬಗ್ಗೆ ಕಾಯಿದೆ ಏನನ್ನೂ ಹೇಳುವುದಿಲ್ಲ.